ಅಂಕಿಯಿಂದ ಕಿವಿಯವರೆಗೆ: ಮನೆಯಲ್ಲಿ ಹೈ-ರೆಸ್ ಸಂಗೀತ

ಸಿಡಿಯಲ್ಲಿರುವುದಕ್ಕಿಂತ ಹೆಚ್ಚು ಒತ್ತೊತ್ತಾಗಿ, ಹೆಚ್ಚು ಸೂಕ್ಷ್ಮವಾಗಿ ಅಳೆದು ಅಂಕಿಗಳಲ್ಲಿ ಬರೆದಿಟ್ಟ ಧ್ವನಿಮುದ್ರಣಕ್ಕೆ ಹೈ-ರೆಸಲ್ಯೂಷನ್ ಸಂಗೀತ ಎಂದು ಹೆಸರು. ಅಂಗಡಿಯ ಮಾತಿನಲ್ಲಿ ಅದು ಹೈ-ರೆಸ್. ಅಳತೆಗೋಲು ಸಿಡಿಯೇ. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ತಟ್ಟೆಯಲ್ಲಿ, ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಹೈ-ರೆಸ್ ಫೈಲಿನಲ್ಲಿ ಅದೇ ಸೆಕೆಂಡನ್ನು 96,000 ಸಲವೋ 1,92,000 ಸಲವೋ ಅಳೆದು, ಪ್ರತಿ ಅಳತೆಗೆ 24 ಬಿಟ್ ಕೊಡುತ್ತಾರೆ. ಸಲಕರಣೆಗಳ ಪೆಟ್ಟಿಗೆಯ ಮೇಲೆ ಕಾಣುವ ಕಪ್ಪು-ಚಿನ್ನದ ಬಣ್ಣದ ಹೈ-ರೆಸ್ ಚೀಟಿ ಜಪಾನ್ ಆಡಿಯೊ ಸೊಸೈಟಿಯದು. ಅಂಕಿಗಳನ್ನು ಓದುವ ಯಂತ್ರಕ್ಕೆ 24 ಬಿಟ್, 96 ಕಿಲೋಹರ್ಟ್ಸ್ ಎಂಬುದು ಅದರ ನಿಯಮ. ಸ್ಪೀಕರ್, ಹೆಡ್‌ಫೋನ್‌ಗಳಿಗೆ 40 ಕಿಲೋಹರ್ಟ್ಸ್‌ವರೆಗೆ ನುಡಿಯಬೇಕೆಂಬ ಷರತ್ತು. ಮನುಷ್ಯನ ಕಿವಿ ಇದರ ಅರ್ಧದಲ್ಲೇ ನಿಂತುಬಿಡುತ್ತದೆ ಎಂಬುದು ಬೇರೆ ಮಾತು.

44,100 ಎಂಬ ಈ ವಿಚಿತ್ರ ಸಂಖ್ಯೆ ಬಂದದ್ದು ಸಂಗೀತದಿಂದಲ್ಲ, ಟಿವಿಯಿಂದ. ಸಿಡಿ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಅಷ್ಟೊಂದು ಅಂಕಿಗಳನ್ನು ಹಿಡಿದಿಡಬಲ್ಲ, ಕೈಗೆಟುಕುವ ಯಂತ್ರವೆಂದರೆ ವಿಡಿಯೊ ಟೇಪ್ ರೆಕಾರ್ಡರ್. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಮೂರು ಅಳತೆಗಳನ್ನು ಕೂರಿಸಿದರು. ಯುರೋಪಿನ ಟಿವಿಯಲ್ಲಿ ಬಳಕೆಗೆ ಸಿಗುವ 294 ಗೆರೆ, ಸೆಕೆಂಡಿಗೆ 50 ಪರದೆ. ಅಮೆರಿಕ-ಜಪಾನಿನ ಟಿವಿಯಲ್ಲಿ 245 ಗೆರೆ, 60 ಪರದೆ. ಗೆರೆಯನ್ನು ಪರದೆಯಿಂದ, ಬಂದದ್ದನ್ನು ಮೂರರಿಂದ ಗುಣಿಸಿದರೆ ಎರಡೂ ಕಡೆ ಬರುವುದು ಒಂದೇ ಉತ್ತರ, 44,100. ಲೆಕ್ಕ ಕೂಡಿಬಂತು, ಸಂಖ್ಯೆ ಶಾಶ್ವತವಾಯಿತು.

ಅಳತೆಗಳ ನಡುವೆ ಉಳಿಯುವ ಖಾಲಿ ಜಾಗದಲ್ಲಿ ಸಂಗೀತ ಸೋರಿಹೋಗುತ್ತದೆ, ಆದ್ದರಿಂದ ಅಳತೆ ಹೆಚ್ಚಿದಷ್ಟೂ ನಾದ ತುಂಬಿಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಜಾಹೀರಾತುಗಳು ಮೆಟ್ಟಿಲಿನಂಥ ಚಿತ್ರ ಬರೆದು ಇದನ್ನು ಬೆಳೆಸಿವೆ. ಗಣಿತ ಹೇಳುವುದು ಬೇರೆ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್, 1949ರಲ್ಲಿ ಕ್ಲಾಡ್ ಶ್ಯಾನನ್ ಪ್ರಕಟಿಸಿದ ಲೇಖನಗಳ ಸಾರ ಇಷ್ಟು: ಒಂದು ಕಂಪನವನ್ನು ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಆ ಕಂಪನವನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು, ಏನೂ ಸೋರುವುದಿಲ್ಲ. 44,100ರ ಅರ್ಧ 22,050. ಒಳ್ಳೆಯ ಕಿವಿಯ ಎಳೆಯ ಹುಡುಗರಿಗೆ 20,000 ಹರ್ಟ್ಸ್‌ವರೆಗೆ ಕೇಳಿಸೀತು. ನಡುವಯಸ್ಸಿನವರಿಗೆ 15,000ದ ಆಸುಪಾಸಿನಲ್ಲೇ ಮೌನ ಆರಂಭ. ಪಿಯಾನೋದ ಕಟ್ಟಕಡೆಯ ಮನೆಯ ಸ್ವರ 4,186 ಹರ್ಟ್ಸ್ ಮಾತ್ರ. ಅದರಾಚೆ ಇರುವುದೆಲ್ಲ ಉಪಸ್ವರಗಳು: ತಂಬೂರಿಯ ಝೇಂಕಾರ, ತಾಳದ ಕಂಚಿನ ಹೊಳಪು, ಕೊಳಲಿನ ಉಸಿರು.

ಬಿಟ್‌ಗಳ ಕಥೆ ಸದ್ದಿನ ಎತ್ತರ-ತಗ್ಗಿಗೆ ಸಂಬಂಧಿಸಿದ್ದು. ಒಂದು ಬಿಟ್ ಹೆಚ್ಚಿದರೆ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವಿನ ಅಂತರ ಸುಮಾರು 6 ಡೆಸಿಬಲ್ ಹಿಗ್ಗುತ್ತದೆ. 16 ಬಿಟ್‌ನಲ್ಲಿ 65,536 ಮೆಟ್ಟಿಲು, ಸುಮಾರು 96 ಡೆಸಿಬಲ್ ಹರವು. 24 ಬಿಟ್‌ನಲ್ಲಿ 1,67,77,216 ಮೆಟ್ಟಿಲು, ಕಾಗದದ ಮೇಲೆ 144 ಡೆಸಿಬಲ್. ಅಷ್ಟು ಹರವನ್ನು ಪೂರ್ತಿ ಹೊರಗೆಡಹುವ ಯಂತ್ರ ಮನೆಬಳಕೆಗೆ ಇಲ್ಲ. ತಂತಿ, ರೆಸಿಸ್ಟರ್‌ಗಳ ಒಳಗಿನ ಉಷ್ಣದ ಗುಜುಗುಜೇ 120-125 ಡೆಸಿಬಲ್ ಸುಮಾರಿಗೆ ತಡೆಗೋಡೆ ಹಾಕುತ್ತದೆ. ಮನೆಯ ಕೋಣೆಯದು ಇನ್ನೂ ಬಡ ಸ್ಥಿತಿ. ರಾತ್ರಿ ಎಲ್ಲರೂ ಮಲಗಿದ ಮೇಲೂ ಅಲ್ಲಿ 30 ಡೆಸಿಬಲ್ ಸದ್ದು ಇದ್ದೇ ಇರುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಬೀದಿಯಲ್ಲಿ ಆಟೊ ಓಡುತ್ತಿದ್ದರೆ ಇನ್ನೂ ಮೇಲೆ. ಫ್ಯಾನಿನ ಸದ್ದಿನ ಕೆಳಗೆ ಅಡಗಿದ ಮೆಲುದನಿ 16 ಬಿಟ್‌ನದಾದರೇನು, 24 ಬಿಟ್‌ನದಾದರೇನು, ಕೇಳುವುದಿಲ್ಲ.

ಹಾಗಾದರೆ ಈ ಹೆಚ್ಚುವರಿ ಅಂಕಿಗಳಿಗೆ ಕೆಲಸವೇ ಇಲ್ಲವೇ? ಧ್ವನಿಮುದ್ರಣ ಮಾಡುವವರಿಗೆ ನಿಜಕ್ಕೂ ಇದೆ. ಗಾಯಕರು ತಾರಸ್ಥಾಯಿಗೆ ಎದ್ದಾಗ ಸದ್ದು ಒಡೆಯದಂತೆ ಮಟ್ಟವನ್ನು ತಗ್ಗಿಸಿಟ್ಟು ಮುದ್ರಿಸಬಹುದು. ಬಳಿಕ ಏರಿಸಿದರೂ ಹಿನ್ನೆಲೆಯ ಗೊರಗೊರ ಮೇಲೇಳುವುದಿಲ್ಲ. ಕೇಳುವವರ ವಿಷಯದಲ್ಲಿ ಪರೀಕ್ಷೆಗಳು ನಡೆದಿವೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಅಮೆರಿಕದಲ್ಲಿ ಹೈ-ರೆಸ್ ತಟ್ಟೆಯ ಸದ್ದನ್ನು ನೇರವಾಗಿಯೂ, ಸಿಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಗುರುತಿಸಲು ಹೇಳಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಅದುವರೆಗಿನ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇಕಡ 52.3ಕ್ಕೆ ಬಂತು, ಮೊದಲೇ ತರಬೇತಿ ಪಡೆದು ಕೂತವರಲ್ಲಿ ಶೇಕಡ 60ರ ಹತ್ತಿರ ಹೋಯಿತು. ವ್ಯತ್ಯಾಸ ಇರಬಹುದು, ಆದರೆ ಅದು ಕೂದಲೆಳೆಯಷ್ಟು. ಸಲಕರಣೆಗೆ ಎಷ್ಟು ಹಣ ಸುರಿಯಬೇಕು ಎಂಬ ಪ್ರಶ್ನೆ ಬಂದಾಗ ನೆನಪಿಡಬೇಕಾದ ಅಳತೆ ಇದು.

ಕೂದಲೆಳೆಗಿಂತ ದಪ್ಪನೆಯ ವ್ಯತ್ಯಾಸ ಬೇರೆಡೆ ಇದೆ: ಫೈಲು ಯಾವ ಮೂಲದಿಂದ ಬಂತು ಎಂಬುದರಲ್ಲಿ. ಹಿಂದೂಸ್ತಾನಿ, ಕರ್ನಾಟಕ ಸಂಗೀತದ ಬಹುಪಾಲು ಮಹಾನ್ ಮುದ್ರಣಗಳು ಮ್ಯಾಗ್ನೆಟಿಕ್ ಟೇಪಿನಲ್ಲಿವೆ. ಅಂಥ ಟೇಪಿನ ಹರವು 60-70 ಡೆಸಿಬಲ್. 12 ಬಿಟ್ ಇದ್ದರೂ ಅದನ್ನು ಹಿಡಿಯಬಹುದು. ಕಲ್ಕತ್ತದಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ್ದು ತಗಡಿನ ಕೊಂಬಿನೊಳಗೆ. ವಿದ್ಯುತ್ ಮೈಕು ಬರುವ 1925ರವರೆಗಿನ ಆ ಪದ್ಧತಿಯಲ್ಲಿ ಎರಡು-ಎರಡೂವರೆ ಸಾವಿರ ಹರ್ಟ್ಸ್‌ಗಿಂತ ಮೇಲಿನದು ಹೆಚ್ಚೇನೂ ದಾಖಲಾಗುತ್ತಿರಲಿಲ್ಲ. ಆ ಕಾಲದ ಪ್ಲೇಟನ್ನು ಸೆಕೆಂಡಿಗೆ 1,92,000 ಸಲ ಅಳೆದಿಟ್ಟರೆ ಹೆಚ್ಚಾಗಿ ಸಿಗುವುದು ಗೀರಿನ ಸದ್ದಿನ ಅತಿ ಸೂಕ್ಷ್ಮ ವಿವರ. ಸವೆಯದ ಮೂಲ ಟೇಪನ್ನು ಹುಡುಕಿ, ಒಳ್ಳೆಯ ಯಂತ್ರದಲ್ಲಿ ಶ್ರದ್ಧೆಯಿಂದ ವರ್ಗಾಯಿಸಿದ ಫೈಲು ಸಾಮಾನ್ಯ ಸಿಡಿಯ ಮಟ್ಟದ್ದಾದರೂ ಕಿವಿಗೆ ಹಿತ. ಹಳೆಯ ಸಿಡಿಯನ್ನೇ ಹಿಗ್ಗಿಸಿ ಹೈ-ರೆಸ್ ಎಂದು ಮಾರುವುದೂ ಉಂಟು. ಆಡಾಸಿಟಿ, ಸ್ಪೆಕ್ ಎಂಬ ಉಚಿತ ತಂತ್ರಾಂಶಗಳಲ್ಲಿ ಫೈಲಿನ ಆವೃತ್ತಿಚಿತ್ರ ನೋಡಿದರೆ ಗುಟ್ಟು ಹೊರಬೀಳುತ್ತದೆ: 22 ಕಿಲೋಹರ್ಟ್ಸ್ ಬಳಿ ಚಾಕುವಿನಿಂದ ಕತ್ತರಿಸಿದಂತೆ ಚಿತ್ರ ನಿಂತುಹೋಗಿದ್ದರೆ ಅದು ಹಿಗ್ಗಿಸಿದ ಸರಕು.

ಇದೇ ಅಳತೆಯನ್ನು ಬಾನುಲಿಗೆ ಹಿಡಿದರೆ ಎಫ್‌ಎಂ ಪ್ರಸಾರ 15 ಕಿಲೋಹರ್ಟ್ಸ್‌ಗೇ ಮುಗಿಯುತ್ತದೆ, ಏಕೆಂದರೆ 19 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೊ ಸಂಕೇತ ಕೂತಿರುತ್ತದೆ. ಮೀಡಿಯಂ ವೇವ್‌ನಲ್ಲಿ ಒಂದು ನಿಲಯಕ್ಕೂ ಇನ್ನೊಂದಕ್ಕೂ 9 ಕಿಲೋಹರ್ಟ್ಸ್ ಮಾತ್ರ ಅಂತರವಾದ್ದರಿಂದ ಸದ್ದಿಗೆ ದಕ್ಕುವುದು ಸುಮಾರು ನಾಲ್ಕೂವರೆ. ಆ ನಾಲ್ಕೂವರೆಯಲ್ಲೇ ಎರಡು ತಲೆಮಾರಿನ ಜನ ಸಂಗೀತ ಸಮ್ಮೇಳನಗಳನ್ನು ಕೇಳಿ, ರಾಗದ ಸೂಕ್ಷ್ಮಗಳ ಬಗ್ಗೆ ಜಗಳವಾಡಿದ್ದಾರೆ.

ಫೈಲುಗಳ ಬಗೆಗಳನ್ನು ಚುಟುಕಾಗಿ ಹೇಳಬಹುದು. ವೇವ್ ಎಂಬುದು ಅಂಕಿಗಳನ್ನು ಹಾಗೆಹಾಗೆಯೇ ಬರೆದಿಟ್ಟ ಕಡತ. ಫ್ಲ್ಯಾಕ್ ಅದೇ ಅಂಕಿಗಳನ್ನು ಒಂದೂ ಕಳೆಯದೆ ಮಡಚಿಡುತ್ತದೆ, ಪೆಟ್ಟಿಗೆಯಲ್ಲಿ ಸೀರೆ ಮಡಚಿಟ್ಟ ಹಾಗೆ. ಬಿಚ್ಚಿದರೆ ಮೊದಲಿನ ಸೀರೆಯೇ. 2001ರಲ್ಲಿ ಜೋಶ್ ಕೋಲ್ಸನ್ ಹೊರತಂದ ಈ ಬಗೆ ಉಚಿತ, ಮುಕ್ತ. ಜಾಗ ಅರ್ಧಕ್ಕೋ ಮುಕ್ಕಾಲಿಗೋ ಇಳಿಯುತ್ತದೆ. ಆಪಲ್‌ನ ಅಲ್ಯಾಕ್ ಇದರ ದಾಯಾದಿ. ಎಂಪಿ3 ಕಿವಿಗೆ ಬೇಡವೆಂದು ತೋರಿದ್ದನ್ನು ಕಿತ್ತೆಸೆದು ಚಿಕ್ಕದಾಗುತ್ತದೆ. ಎಸೆದದ್ದು ಮರಳಿ ಬಾರದು. ಎಂಕ್ಯೂಎ ಎಂಬ ಬಗೆ 2014ರಲ್ಲಿ ಭಾರಿ ಸದ್ದು ಮಾಡಿತು. ಅದನ್ನು ಪೂರ್ತಿ ಬಿಚ್ಚಲು ಪರವಾನಗಿ ಪಡೆದ ಯಂತ್ರವೇ ಬೇಕಿತ್ತು. 2023ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು, ಮರುವರ್ಷ ಅದನ್ನು ಬಳಸುತ್ತಿದ್ದ ಟೈಡಲ್ ಎಂಬ ಆನ್‌ಲೈನ್ ಸಂಗೀತ ಸೇವೆಯೂ ಫ್ಲ್ಯಾಕ್‌ಗೆ ತಿರುಗಿತು. ಪೆಟ್ಟಿಗೆಯ ಮೇಲೆ ಎಂಕ್ಯೂಎ ಎಂದು ಬರೆದಿದೆಯೆಂದು ಇಂದು ಯಾರೂ ಹೆಚ್ಚು ಹಣ ಕೊಡಬೇಕಿಲ್ಲ.

ಜಾಗದ ಲೆಕ್ಕ ಹೀಗೆ: ಸಿಡಿಯ ಸಂಗೀತ ಮಡಚದೆ ಇಟ್ಟರೆ ನಿಮಿಷಕ್ಕೆ ಸುಮಾರು ಹತ್ತೂವರೆ ಎಂಬಿ. 24 ಬಿಟ್, 96 ಕಿಲೋಹರ್ಟ್ಸ್‌ನದು ಸುಮಾರು ಮೂವತ್ತೈದು, ಅಂದರೆ ಒಂದು ಗಂಟೆಯ ಕಛೇರಿಗೆ ಎರಡು ಜಿಬಿ. ಫ್ಲ್ಯಾಕ್ ಮಾಡಿದರೆ ಒಂದೂಕಾಲು ಜಿಬಿಯ ಸುತ್ತಮುತ್ತ. ಒಂದು ಟಿಬಿಯ ಸಣ್ಣ ಹಾರ್ಡ್ ಡಿಸ್ಕಿನಲ್ಲಿ ಏಳೆಂಟುನೂರು ಗಂಟೆ ಸಂಗೀತ ಹಿಡಿಯುತ್ತದೆ.

ಇನ್ನು ಸಲಕರಣೆ. ಫೈಲಿನಿಂದ ಕಿವಿಯವರೆಗೆ ಐದು ಕೊಂಡಿಗಳ ಸರಪಳಿ: ಫೈಲು ಇರುವ ಜಾಗ, ಅದನ್ನು ಓದಿ ನುಡಿಸುವ ಯಂತ್ರ, ಅಂಕಿಯನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್, ಅಲೆಗೆ ಬಲ ತುಂಬುವ ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್ ಅಥವಾ ಹೆಡ್‌ಫೋನ್. ಐದೂ ಬೇರೆಬೇರೆ ಪೆಟ್ಟಿಗೆಯಾಗಿರಬೇಕೆಂದಿಲ್ಲ; ಮೊಬೈಲ್ ಫೋನಿನಲ್ಲಿ ಮೊದಲ ನಾಲ್ಕೂ ಒಂದೇ ಅಂಗೈಯಲ್ಲಿವೆ. ಈ ಸರಪಳಿಯ ಅಂಕಿಗಳ ಭಾಗ ಈಗ ಅಗ್ಗವಾಗಿದೆ, ಬಹುಮಟ್ಟಿಗೆ ನಿರ್ದೋಷವೂ ಆಗಿದೆ. ಕಿವಿಗೆ ಹತ್ತಿರವಾದಂತೆ ದೋಷ ಹೆಚ್ಚು, ಆದ್ದರಿಂದ ಹಣವೂ ಅತ್ತಲೇ ಹೋಗಬೇಕು. ಅಂಗಡಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತಿರುಗುಮುರುಗು.

ಎಲ್ಲಕ್ಕಿಂತ ಸರಳವಾದದ್ದು ಫೋನು, ಅದರ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಡ್ಯಾಕ್, ತಂತಿಯಿರುವ ಇಯರ್‌ಫೋನ್. ಬಹಳಷ್ಟು ಫೋನುಗಳಿಂದ ಇಯರ್‌ಫೋನಿನ ದುಂಡು ತೂತು ಮಾಯವಾದ ಮೇಲೆ ಈ ಪುಟ್ಟ ಡ್ಯಾಕ್‌ಗಳ ಮಾರುಕಟ್ಟೆ ಬೆಳೆಯಿತು. ಆಪಲ್ ಮಾರುವ ತೆಳು ಬಾಲದಂಥ ಅಡಾಪ್ಟರ್ 24 ಬಿಟ್, 48 ಕಿಲೋಹರ್ಟ್ಸ್‌ವರೆಗೆ ಮಾತ್ರ ಹೋಗುತ್ತದೆ. ಆದರೂ ಅದನ್ನು ಉಪಕರಣಗಳಿಟ್ಟು ಅಳೆದವರು, ಅದರ ಹತ್ತಾರು ಪಟ್ಟು ಬೆಲೆಯ ಪೆಟ್ಟಿಗೆಗಳ ಪಕ್ಕ ನಿಲ್ಲಿಸುವಷ್ಟು ಶುದ್ಧವೆಂದು ಕಂಡಿದ್ದಾರೆ. ಅದಕ್ಕೂ ಮೇಲಿನ ಅಂಕಿ ಬೇಕೆಂದರೆ 96 ಅಥವಾ 192 ಕಿಲೋಹರ್ಟ್ಸ್ ಒಪ್ಪುವ ಬೇರೆ ಡ್ಯಾಕ್ ಬೇಕು. 2021ರ ಜೂನ್‌ನಲ್ಲಿ ಹೈ-ರೆಸ್ ಆರಂಭಿಸಿದಾಗ ಆಪಲ್ ಮ್ಯೂಸಿಕ್ ಸೇವೆಯೇ ಇದನ್ನು ತಿಳಿಸಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ತೊಡಕಿದೆ. ಕರೆಯ ಗಂಟೆ, ಸಂದೇಶದ ಟಿಂಗ್, ಹಾಡು ಎಲ್ಲವನ್ನೂ ಬೆರೆಸಿ ಕಳಿಸಬೇಕಾದ್ದರಿಂದ ಆ ವ್ಯವಸ್ಥೆ ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಸ್‌ಗೆ ಒಗ್ಗಿಸಿಬಿಡುತ್ತದೆ. ಕೆಲವು ಡ್ಯಾಕ್‌ಗಳಲ್ಲಿ ಫೈಲಿನ ಅಳತೆಗೆ ತಕ್ಕಂತೆ ಬಣ್ಣ ಬದಲಿಸುವ ದೀಪ ಹೈ-ರೆಸ್ ಬಣ್ಣಕ್ಕೆ ತಿರುಗದೆ ಇರುವುದರ ಕಾರಣ ಇದು. ಡ್ಯಾಕ್ ಕೆಟ್ಟಿದೆಯೆಂದು ಮರಳಿಸಲು ಹೋಗಬೇಕಿಲ್ಲ. ಅಂಕಿಗಳನ್ನು ಮುಟ್ಟದೆ ಯುಎಸ್‌ಬಿಗೆ ಕಳಿಸುವ ವಿಶೇಷ ಆ್ಯಪ್‌ಗಳು ಹಿಂದಿನಿಂದ ಇವೆ, 2023ರ ಆಂಡ್ರಾಯ್ಡ್ 14ರಿಂದ ವ್ಯವಸ್ಥೆಯೊಳಗೇ ಅದಕ್ಕೆ ದಾರಿ ಮಾಡಲಾಗಿದೆ.

ತಂತಿಯಿಲ್ಲದ ಬ್ಲೂಟೂತ್ ಅನುಕೂಲಕರ, ಆದರೆ ಇಕ್ಕಟ್ಟಾದ ಓಣಿ. ಸಿಡಿಯ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ದಾರಿ ಬೇಕು. ಎಲ್ಲ ಬ್ಲೂಟೂತ್ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ಪದ್ಧತಿಯಲ್ಲಿ ಸಿಗುವುದು ಹೆಚ್ಚೆಂದರೆ ಸುಮಾರು 328. ಸೋನಿ 2015ರಲ್ಲಿ ತಂದ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ, ಅದೂ ಫೋನು ಹತ್ತಿರವಿದ್ದು ನಡುವೆ ಗೋಡೆ ಇಲ್ಲದಿದ್ದರೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಭಾವಗೀತೆ ಕೇಳಲು ಬ್ಲೂಟೂತ್ ಧಾರಾಳ ಸಾಕು. ಅದನ್ನು ಹೈ-ರೆಸ್ ಎಂದು ಕರೆಯುವುದು ಮಾತ್ರ ಸುಳ್ಳು.

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ನುಡಿಸುವ ಯಂತ್ರ ಆಗಲೇ ಸಿಕ್ಕಂತೆ. ಅದಕ್ಕೆ ಯುಎಸ್‌ಬಿ ಡ್ಯಾಕ್ ಜೋಡಿಸಿದರಾಯಿತು. ಯುಎಸ್‌ಬಿ ಸದ್ದಿನ ಹಳೆಯ ನಿಯಮ 24 ಬಿಟ್, 96 ಕಿಲೋಹರ್ಟ್ಸ್‌ಗೆ ಮುಗಿಯುತ್ತಿತ್ತು. ಎರಡನೆಯ ನಿಯಮ ಅದಕ್ಕೂ ಮೇಲೆ ಹೋಗುತ್ತದೆ. ವಿಂಡೋಸ್ 2017ರಿಂದ ಆ ಎರಡನೆಯದನ್ನೂ ಯಾವ ಡ್ರೈವರ್ ಹಾಕದೆಯೇ ಗುರುತಿಸುತ್ತದೆ. ಅಲ್ಲಿಯೂ ಬೆರೆಸುವ ಚಾಳಿ ಇದೆ. ಫೂಬಾರ್2000ದಂಥ ಉಚಿತ ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಎಂಬ ಆಯ್ಕೆ ಒತ್ತಿದರೆ ಡ್ಯಾಕ್ ಪೂರ್ತಿ ಸಂಗೀತದ ವಶವಾಗುತ್ತದೆ, ನಡುವೆ ಮಿಂಚಂಚೆಯ ಗಂಟೆ ಬಾರಿಸುವುದೂ ತಪ್ಪುತ್ತದೆ.

ಡ್ಯಾಕ್ ಕೊಳ್ಳುವಾಗ ಚಿಪ್ಪಿನ ಹೆಸರು ಹಿಡಿದು ಚರ್ಚಿಸುವುದು ರೂಢಿ: ಇಎಸ್‌ಎಸ್, ಸಿರಸ್ ಲಾಜಿಕ್, ಅಸಾಹಿ ಕಾಸೈ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಅಸಾಹಿ ಕಾಸೈ ಚಿಪ್ಪು ಕಾರ್ಖಾನೆಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ತಯಾರಕರು ಅನಿವಾರ್ಯವಾಗಿ ಬೇರೆ ಚಿಪ್ಪು ಹಾಕಿ ತಮ್ಮ ಪೆಟ್ಟಿಗೆಗಳನ್ನು ಹೊಸದಾಗಿ ರೂಪಿಸಿದರು. ಸಂಗೀತ ಕೇಳುವುದೇನೂ ನಿಲ್ಲಲಿಲ್ಲ. ಚಿಪ್ಪು ಯಾವುದೆಂಬುದಕ್ಕಿಂತ ಅದರ ಸುತ್ತ ಕಟ್ಟಿದ ಸರ್ಕೀಟು, ವಿದ್ಯುತ್ ಪೂರೈಕೆ ಮುಖ್ಯ. 32 ಬಿಟ್, 768 ಕಿಲೋಹರ್ಟ್ಸ್ ಎಂಬ ದೊಡ್ಡ ಅಂಕಿಗಳನ್ನು ನೋಡಿ ಬೆರಗಾಗಬೇಕಿಲ್ಲ, ಆ ಅಳತೆಯ ಸಂಗೀತ ಮಾರಾಟದಲ್ಲಿ ಇಲ್ಲವೆನ್ನುವಷ್ಟು ವಿರಳ. ಸದ್ದಿಗೂ ಗೊರಗೊರಕ್ಕೂ ಇರುವ ಅಂತರ 110 ಡೆಸಿಬಲ್ ಮೀರಿದೆಯೇ, ಆಂಪ್ಲಿಫೈಯರಿಗೆ ಬೇಕಾದ ಸುಮಾರು 2 ವೋಲ್ಟ್ ಹೊರಬರುತ್ತದೆಯೇ, ಬೇಕಾದ ಕಿಂಡಿಗಳು ಇವೆಯೇ, ಸದ್ದು ತಿರುಗಿಸಲು ಕೈಗೆ ಸಿಗುವ ಗುಂಡಿ ಇದೆಯೇ ಎಂದು ನೋಡುವುದು ಲೇಸು. ಕೊನೆಯದು ಕ್ಷುಲ್ಲಕವೆನಿಸಬಹುದು, ದಿನಕ್ಕೆ ಹತ್ತು ಸಲ ಬೇಕಾಗುವುದು ಅದೇ.

ಕಂಪ್ಯೂಟರಿನ ಗೊಡವೆ ಬೇಡವೆನ್ನುವವರಿಗೆ ಸ್ಟ್ರೀಮರ್ ಇದೆ. ಮನೆಯ ವೈಫೈ ಹಿಡಿದು, ಫೋನಿನಿಂದ ಆಜ್ಞೆ ಪಡೆದು, ತಾನೇ ಸಂಗೀತ ತಂದು ನುಡಿಸುವ ಸಣ್ಣ ಪೆಟ್ಟಿಗೆ ಅದು. ಇವುಗಳ ಚರಿತ್ರೆಯಲ್ಲಿ ಕೊಳ್ಳುವವರಿಗೆ ಪಾಠವಿದೆ. ಅಮೆರಿಕದ ಸ್ಲಿಮ್ ಡಿವೈಸಸ್ 2001ರಿಂದ ಇಂಥ ಪೆಟ್ಟಿಗೆ ಮಾಡುತ್ತಿತ್ತು. 2006ರಲ್ಲಿ ಲಾಜಿಟೆಕ್ ಅದನ್ನು ಕೊಂಡು, ಸ್ಕ್ವೀಜ್‌ಬಾಕ್ಸ್ ಎಂಬ ಹೆಸರಿನ ಆ ಸಾಲನ್ನು 2012ರಲ್ಲಿ ನಿಲ್ಲಿಸಿತು. ಆದರೆ ಅದರ ತಂತ್ರಾಂಶ ಮುಕ್ತವಾಗಿತ್ತು. ಬಳಕೆದಾರರೇ ಅದನ್ನು ಸಾಕಿಕೊಂಡು ಬಂದರು, ಲಿರಿಯನ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಓಡುತ್ತಿದೆ, ಹಳೆಯ ಪೆಟ್ಟಿಗೆಗಳೂ ಹಾಡುತ್ತಿವೆ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊದ ಕಥೆ ಬೇರೆ. 2015ರಲ್ಲಿ 35 ಡಾಲರಿಗೆ ಬಂದ ಈ ಬಿಲ್ಲೆ 24 ಬಿಟ್, 96 ಕಿಲೋಹರ್ಟ್ಸ್ ನುಡಿಸುತ್ತಿತ್ತು. ಅಷ್ಟು ಅಗ್ಗದಲ್ಲಿ ಅಂಥದ್ದು ಬಂದದ್ದು ಅಪರೂಪ. 2019ರಲ್ಲಿ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ, ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು, ಲೋಕದ ಎಲ್ಲೆಡೆಯ ಬಿಲ್ಲೆಗಳು ಒಮ್ಮೆಗೇ ಮುನಿಸಿಕೊಂಡವು. ಕಂಪನಿ ದುರಸ್ತಿ ಕಳಿಸಿದ ಮೇಲೆಯೇ ಮತ್ತೆ ಬಾಯಿಬಿಟ್ಟವು. ಪೆಟ್ಟಿಗೆ ಕೊಳ್ಳುವ ಮುನ್ನ ಕೇಳಬೇಕಾದದ್ದು ಇಷ್ಟೇ: ದೂರದ ಕಂಪನಿಯ ಕೃಪೆ ಇಲ್ಲದೆಯೂ ಮನೆಯ ಹಾರ್ಡ್ ಡಿಸ್ಕಿನಲ್ಲಿರುವ ಫೈಲನ್ನು ಇದು ನುಡಿಸೀತೇ?

ಕೈಚಳಕವಿರುವವರಿಗೆ ರಾಸ್ಪ್‌ಬೆರಿ ಪೈ ಇದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು 2012ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ, ಬ್ಯಾಂಕ್ ಕಾರ್ಡಿನಷ್ಟು ಗಾತ್ರದ ಈ ಹಲಗೆ ಸಂಗೀತಪ್ರಿಯರ ಕೈಗೆ ಬಂದು ಬೇರೆಯೇ ಬಾಳು ಕಂಡಿತು. ಹಳೆಯ ಮಾದರಿಗಳಲ್ಲಿರುವ ಇಯರ್‌ಫೋನ್ ತೂತಿನ ಸದ್ದು ಕಳಪೆ, ಅದನ್ನು ಮರೆಯುವುದೇ ಒಳ್ಳೆಯದು. ನಲವತ್ತು ಪಿನ್ನುಗಳ ಮೇಲೆ ಟೋಪಿಯಂತೆ ಕೂರುವ ಡ್ಯಾಕ್ ಹಲಗೆ ಕೂರಿಸಿ, ಮೂಡ್ ಅಥವಾ ವಾಲ್ಯೂಮಿಯೊ ಎಂಬ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ಬರೆದು, ಬದಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಸ್ಟ್ರೀಮರ್ ಸಿದ್ಧ. ಫ್ಯಾನ್ ಇಲ್ಲ, ಪರದೆ ಇಲ್ಲ. ಫೋನೇ ಅದರ ರಿಮೋಟು. ವೈಫೈ ಏರುಪೇರಾಗುವ ಮನೆಗಳಲ್ಲಿ 192 ಕಿಲೋಹರ್ಟ್ಸ್ ಸಂಗೀತ ನಡುನಡುವೆ ತೊದಲುತ್ತದೆ, ಏಕೆಂದರೆ ಮಡಚದಿದ್ದಾಗ ಅದು ಸೆಕೆಂಡಿಗೆ 9 ಮೆಗಾಬಿಟ್‌ಗಿಂತ ಹೆಚ್ಚು ಬೇಡುತ್ತದೆ. ರೌಟರಿನಿಂದ ಒಂದು ಲ್ಯಾನ್ ತಂತಿ ಎಳೆದರೆ ಆ ರೋಗ ವಾಸಿ.

ಅಂಕಿಗಳ ಕೆಲಸ ಇಲ್ಲಿಗೆ ಮುಗಿಯಿತು. ಹಣದ ದೊಡ್ಡ ಪಾಲು ಬೇಕಾದದ್ದು ಇನ್ನು ಮುಂದೆ. ಆಂಪ್ಲಿಫೈಯರನ್ನು ಒಡಲಲ್ಲೇ ಇಟ್ಟುಕೊಂಡ ಆ್ಯಕ್ಟಿವ್ ಸ್ಪೀಕರ್ ಜೋಡಿ ಸಣ್ಣ ಕೋಣೆಗೆ ಎಲ್ಲಕ್ಕಿಂತ ಸರಳ: ಯಾವ ಸ್ಪೀಕರಿಗೆ ಯಾವ ಆಂಪ್ಲಿಫೈಯರ್ ಹೊಂದೀತು ಎಂಬ ತಲೆನೋವನ್ನು ತಯಾರಕರೇ ಅನುಭವಿಸಿರುತ್ತಾರೆ. ಬೇರೆಬೇರೆ ಕೊಳ್ಳುವುದಾದರೆ ವ್ಯಾಟಿನ ಭ್ರಮೆ ಬೇಡ. 86 ಡೆಸಿಬಲ್ ಸೂಕ್ಷ್ಮತೆಯ ಸಾಧಾರಣ ಸ್ಪೀಕರ್, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 86 ಡೆಸಿಬಲ್ ಸದ್ದು ಮಾಡುತ್ತದೆ. ಎರಡೂವರೆ ಮೀಟರ್ ದೂರ ಕೂತವರಿಗೆ ಜೋಡಿ ಸ್ಪೀಕರಿನಿಂದ ಎಂಬತ್ತಾದರೂ ತಲುಪುತ್ತದೆ. 10 ವ್ಯಾಟ್ ಆದರೆ ತೊಂಬತ್ತು. ಪಕ್ಕದ ಮನೆಯವರು ಬಾಗಿಲು ತಟ್ಟಲು ಅಷ್ಟು ಸಾಕು. ಮೃದಂಗದ ತೀರ್ಮಾನದಂಥ ಹಠಾತ್ ಪೆಟ್ಟುಗಳಿಗೆ ಮೀಸಲು ಬಲ ಬೇಕೆಂದು 40-50 ವ್ಯಾಟ್ ಇಟ್ಟುಕೊಂಡರೆ ಸಾಮಾನ್ಯ ಹಜಾರಕ್ಕೆ ಹೆಚ್ಚೇ ಆಯಿತು.

ಸ್ಪೀಕರನ್ನು ಕಿವಿಯಿಂದಲೇ ಆರಿಸಬೇಕು. ಹೋಗುವಾಗ ಬಾಯಿಪಾಠವಾಗುವಷ್ಟು ಕೇಳಿದ ನಾಲ್ಕೈದು ಫೈಲುಗಳನ್ನು ಒಯ್ಯಬೇಕು: ಒಂದು ಹಾಡುಗಾರಿಕೆ, ಒಂದು ವೀಣೆ ಅಥವಾ ಸರೋದ್, ತಬಲಾದ ಡಗ್ಗಾ ಚೆನ್ನಾಗಿ ಕೇಳುವ ಒಂದು, ತಂಬೂರಿ ಮಾತ್ರ ಮಿಡಿಯುವ ಒಂದು ನಿಮಿಷ. ಮನುಷ್ಯಕಂಠ ಮೂಗಿನಿಂದ ಬಂದಂತೆ ಕೇಳಿದರೆ ಆ ಸ್ಪೀಕರ್ ಎಷ್ಟೇ ಹೊಳೆಯುತ್ತಿರಲಿ, ಬಿಟ್ಟುಬಿಡಬೇಕು. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಆಗಿರಬೇಕು. ಕೂದಲಷ್ಟು ಜೋರಾಗಿರುವುದು ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಸ್ಪೀಕರಿನಷ್ಟೇ ಹಾಡುವುದು ಕೋಣೆ. ನಮ್ಮ ಕಡೆಯ ಮನೆಗಳಲ್ಲಿ ನೆಲ ಗ್ರಾನೈಟ್ ಅಥವಾ ಟೈಲ್ಸ್, ಗೋಡೆ ಇಟ್ಟಿಗೆ-ಸಿಮೆಂಟು, ಸೂರು ಕಾಂಕ್ರೀಟು. ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ. ಆ ಕೋಣೆಯಲ್ಲಿ ಲಕ್ಷ ರೂಪಾಯಿಯ ಸ್ಪೀಕರೂ ಕಲ್ಯಾಣಮಂಟಪದ ಮೈಕಿನಂತೆ ಕೇಳುತ್ತದೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ನೆರಿಗೆ ತುಂಬಿದ ಪರದೆ, ಎದುರು ಗೋಡೆಗೆ ಪುಸ್ತಕದ ಬೀರು, ಹತ್ತಿಯ ದಿಂಬು-ಗಾದಿಗಳು ಮರುದನಿಯನ್ನು ನುಂಗುತ್ತವೆ. ಮಂದ್ರಕ್ಕೆ ಇವು ಸಾಲವು. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಸುಮಾರಿನ ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಒಂದೆಡೆ ಉಬ್ಬಿ, ಇನ್ನೊಂದೆಡೆ ಇಲ್ಲವಾಗುತ್ತದೆ. ಹತ್ತು ಅಡಿಯ ಅಗಲಕ್ಕೆ 56 ಹರ್ಟ್ಸ್‌ನಲ್ಲಿ ಅದೇ ಆಟ. ಸ್ಪೀಕರನ್ನು ಮೂಲೆಗೆ ದೂಡಿದರೆ ಈ ಗುಮ್ಮೆನ್ನುವುದು ಇಮ್ಮಡಿಯಾಗುತ್ತದೆ. ಹಿಂಗೋಡೆಯಿಂದ ಒಂದೆರಡು ಅಡಿ ಮುಂದೆ ತಂದು, ಎರಡು ಸ್ಪೀಕರ್ ಮತ್ತು ಕೂರುವ ಜಾಗ ಮೂರೂ ಸಮಭುಜ ತ್ರಿಕೋನವಾಗುವಂತೆ, ಪೆಟ್ಟಿಗೆಯಲ್ಲಿ ತಾರದನಿ ನುಡಿಸುವ ಚಿಕ್ಕ ಸ್ಪೀಕರ್ ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟರೆ ಖರ್ಚಿಲ್ಲದೆ ದೊಡ್ಡ ಸುಧಾರಣೆ. ಕೋಣೆಯನ್ನು ತಿದ್ದಲಾಗದವರಿಗೆ, ಮನೆಮಂದಿ ಮಲಗಿದ ಮೇಲೆ ಕೇಳುವವರಿಗೆ ಹೆಡ್‌ಫೋನೇ ಗತಿ. ಅದೇನೂ ಕಳಪೆ ಗತಿಯಲ್ಲ, ಅಲ್ಲಿ ಕೋಣೆಯೇ ಇಲ್ಲ.

ವಿದ್ಯುತ್ತಿನದು ಒಂದು ಸಣ್ಣ ಉಪಕಥೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಇಲ್ಲವೇ ಕಂಪ್ಯೂಟರೂ ಆಂಪ್ಲಿಫೈಯರೂ ಬೇರೆಬೇರೆ ಸಾಕೆಟ್ಟಿನಲ್ಲಿ ನಿಂತಾಗ, ಸ್ಪೀಕರಿನಿಂದ 50 ಹರ್ಟ್ಸ್‌ನ ಹುಂಕಾರ ಏಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಅನೇಕ ಸಲ ಅದು ಅಡಗುತ್ತದೆ. ಅಡಗದಿದ್ದರೆ ನಡುವೆ ಆಪ್ಟಿಕಲ್ ತಂತಿ ಬಳಸಬೇಕು. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಕರೆಂಟು ಹೋಗಿ ಅಗ್ಗದ ಇನ್ವರ್ಟರ್ ಚಾಲೂ ಆದಾಗ ಬರುವ ಗುಯ್‌ಗುಟ್ಟುವಿಕೆಗೆ ಕಾರಣ ಅದು ಕೊಡುವ ಚೌಕಾಕಾರದ ಅಲೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟವಿಲ್ಲ. ತಂತಿಗಳ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ನಾಲ್ಕೈದು ಮೀಟರ್ ದೂರದ ಸ್ಪೀಕರಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಅಥವಾ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಬೆಳ್ಳಿ ಲೇಪದ, ಹಾವಿನಂತೆ ಹೆಣೆದ ತಂತಿಗಳು ಕಣ್ಣಿಗೆ ಚೆಂದ.

ನುಡಿಸುವ ಯಂತ್ರ ಆರಿಸುವಾಗ ಭಾರತೀಯ ಸಂಗೀತ ಕೇಳುವವರು ಪರೀಕ್ಷಿಸಲೇಬೇಕಾದ ಎರಡು ಸಂಗತಿಗಳನ್ನು ತಯಾರಕರ ಕೈಪಿಡಿ ಎತ್ತಿ ಹೇಳುವುದಿಲ್ಲ. ಒಂದು, ಗ್ಯಾಪ್‌ಲೆಸ್ ನುಡಿಕೆ. ಸಿಡಿಗಳಲ್ಲಿ ಆಲಾಪನೆ ಒಂದು ಫೈಲಾಗಿ, ಕೃತಿ ಇನ್ನೊಂದಾಗಿ, ತನಿ ಆವರ್ತನ ಮತ್ತೊಂದಾಗಿ ತುಂಡಾಗಿರುತ್ತವೆ, ಆದರೆ ಕಛೇರಿ ಎಲ್ಲೂ ನಿಂತಿರುವುದಿಲ್ಲ. ಕೆಲವು ಯಂತ್ರಗಳು ಫೈಲು ಬದಲಾಯಿಸುವಾಗ ಅರೆಕ್ಷಣ ಮೌನ ತೂರಿಸುತ್ತವೆ. ತಂಬೂರಿಯ ಶ್ರುತಿ ಕತ್ತರಿಸಿದ ದಾರದಂತೆ ಕಡಿದುಬೀಳುತ್ತದೆ. ಇನ್ನೊಂದು, ಫೈಲಿನೊಳಗಿನ ಹೆಸರುಪಟ್ಟಿ. ಈ ಪಟ್ಟಿಗಳು ಪಾಶ್ಚಾತ್ಯ ಪಾಪ್ ಹಾಡಿಗಾಗಿ ಹುಟ್ಟಿದವು: ಕಲಾವಿದ, ಆಲ್ಬಮ್, ಹಾಡು. ರಾಗಕ್ಕೂ ತಾಳಕ್ಕೂ ಅಲ್ಲಿ ಮನೆಯಿಲ್ಲ, ಪಕ್ಕವಾದ್ಯದವರಿಗೆ ಜಾಗವಿಲ್ಲ. ಫ್ಲ್ಯಾಕ್‌ನಲ್ಲಿ ಹೊಸ ಕಾಲಂಗಳನ್ನು ಬೇಕಾದ ಹೆಸರಿನಲ್ಲಿ ಸೇರಿಸಬಹುದು, ಆದರೆ ಅವನ್ನು ತೋರಿಸಬಲ್ಲ ತಂತ್ರಾಂಶ ಇರಬೇಕು. ಇಲ್ಲವಾದರೆ ಸಂಯೋಜಕರ ಕಾಲಂನಲ್ಲಿ ಪುರಂದರದಾಸರನ್ನು ಕೂರಿಸಿ, ಹಾಡಿನ ಹೆಸರಿನ ಬೆನ್ನಿಗೇ ರಾಗ-ತಾಳ ಬರೆದುಕೊಳ್ಳುವುದೇ ದಾರಿ. ಕನ್ನಡ ಅಕ್ಷರಗಳನ್ನು ಚೌಕಚೌಕ ಡಬ್ಬಿಗಳಾಗಿ ತೋರಿಸುವ ಪೆಟ್ಟಿಗೆಗಳೂ ಇವೆ. ಕೊಳ್ಳುವ ಮೊದಲು ಒಂದು ಪೆನ್‌ಡ್ರೈವಿನಲ್ಲಿ ಕನ್ನಡ ಹೆಸರಿನ ಫೈಲೊಂದನ್ನು ಒಯ್ದು ಸಿಕ್ಕಿಸಿ ನೋಡಿದರೆ ತಿಳಿಯುತ್ತದೆ.